ಮನೆ ಬಾಗಿಲಿನಿಂದ ಕೌಂಟರಿನವರೆಗೆ: ಹಿರಿಯರ ಪರವಾಗಿ ಸ್ಥಳೀಯ ಆಡಳಿತಕ್ಕೊಂದು ಬಹಿರಂಗ ಪತ್ರ

ಸ್ಥಳೀಯ ಸಂಸ್ಥೆಗಳ ಚುನಾಯಿತ ಸದಸ್ಯರಿಗೆ, ಅಧಿಕಾರಿಗಳಿಗೆ ಮತ್ತು ಆರೋಗ್ಯ ಕೇಂದ್ರಗಳ ಹೊಣೆ ಹೊತ್ತವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ವಯಸ್ಸಾದವರ ಬಗ್ಗೆ ಆಡಳಿತದಲ್ಲಿ ಮಾತು ಬಂದಾಗ ಅದು ಸಾಮಾನ್ಯವಾಗಿ ಎರಡು ಕಡೆ ಹೋಗಿ ನಿಲ್ಲುತ್ತದೆ. ಒಂದು ಪಿಂಚಣಿ, ಇನ್ನೊಂದು ವೃದ್ಧಾಶ್ರಮ. ಎರಡೂ ಬೇಕಾದವೇ. ಆದರೆ ನಿವೃತ್ತಿಯ ದಿನಕ್ಕೂ ಹಾಸಿಗೆ ಹಿಡಿಯುವ ದಿನಕ್ಕೂ ನಡುವೆ ಎಷ್ಟೋ ಜನರಿಗೆ ಹದಿನೈದು ಇಪ್ಪತ್ತು ವರ್ಷಗಳ ಬದುಕಿರುತ್ತದೆ. ಆ ವರ್ಷಗಳನ್ನು ಅವರು ತಮ್ಮ ಮನೆಯಲ್ಲೇ ಕಳೆಯುತ್ತಾರೆ. ತಮ್ಮ ಔಷಧಿ ತಾವೇ ತರಬೇಕು, ತಮ್ಮ ದುಡ್ಡು ತಾವೇ ತೆಗೆಯಬೇಕು, ಮನಸ್ಸಾದಾಗ ಬೇಕಾದವರನ್ನು ಹೋಗಿ ನೋಡಿ ಬರಬೇಕು ಎಂದು ಬಯಸುತ್ತಾರೆ. ಯಾರ ಹಂಗೂ ಇಲ್ಲದೆ ಇದ್ದರೆ ಸಾಕು ಎನ್ನುವುದು ಅವರ ಬಾಯಲ್ಲಿ ಮತ್ತೆ ಮತ್ತೆ ಬರುವ ಮಾತು. ಈ ಪತ್ರ ಬರೆಯುತ್ತಿರುವುದು ಆ ವರ್ಷಗಳ ಬಗ್ಗೆ.

ನಾನು ಹೇಳಬೇಕೆಂದಿರುವುದು ಇಷ್ಟು. ಹಿರಿಯರು ಪರಾವಲಂಬಿಗಳಾಗಲು ವಯಸ್ಸೊಂದೇ ಕಾರಣವಲ್ಲ. ಎಷ್ಟೋ ಸಲ ಮನೆ ಬಾಗಿಲಿಗೂ ಸೇವೆ ಸಿಗುವ ಕೌಂಟರಿಗೂ ನಡುವಿನ ದಾರಿಯೇ ಅವರನ್ನು ಹಾಗೆ ಮಾಡುತ್ತದೆ. ಕಾಲಲ್ಲಿ ಇನ್ನೂ ಕಸುವಿರುವಾಗಲೇ ಫುಟ್‌ಪಾತ್ ಕೈಕೊಡುತ್ತದೆ. ಲೆಕ್ಕಪತ್ರ ನೋಡಿಕೊಳ್ಳುವಷ್ಟು ಬುದ್ಧಿ ಚುರುಕಾಗಿರುವಾಗಲೇ ಮೊಬೈಲಿನ ಪರದೆ ಅವರನ್ನು ಹೊರಗೆ ನಿಲ್ಲಿಸುತ್ತದೆ. ಮುಪ್ಪನ್ನು ತಡೆಯಲು ನಿಮ್ಮಿಂದ ಆಗದು. ಆದರೆ ಆ ದಾರಿ ಪೂರ್ತಿಯಾಗಿ ನಿಮ್ಮ ಕೈಯಲ್ಲಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದ ಆಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಬೀಳುವುದಕ್ಕೇ ಇದೆ. ಹೀಗೆ ಸಾಯುವವರಲ್ಲಿ 60 ದಾಟಿದವರೇ ಹೆಚ್ಚು. ಬಿದ್ದವರ ಲೆಕ್ಕವಾದರೂ ಆಸ್ಪತ್ರೆಯಲ್ಲಿ ಸಿಗುತ್ತದೆ. ಬಿದ್ದುಬಿಟ್ಟೇನು ಎಂಬ ಭಯಕ್ಕೆ ಹೊರಗೆ ಹೋಗುವುದನ್ನೇ ಬಿಟ್ಟವರ ಲೆಕ್ಕವನ್ನು ಯಾರು ಇಡುತ್ತಾರೆ? ಕಲ್ಲು ಎದ್ದ ಕಡೆ ಒಮ್ಮೆ ಎಡವಿದವರು ಮರುದಿನ ಆ ದಾರಿಯಲ್ಲಿ ಹೋಗುವುದಿಲ್ಲ. ಆಮೇಲೆ ಸಂಜೆಯ ತಿರುಗಾಟ ನಿಲ್ಲುತ್ತದೆ. ನಡೆಯದ ಕಾಲು ಬೇಗ ಸೊರಗುತ್ತದೆ. ಆರೋಗ್ಯವಾಗಿದ್ದ ಹಿರಿಯರನ್ನೇ ಬರೀ 10 ದಿನ ಹಾಸಿಗೆಯಲ್ಲಿ ಮಲಗಿಸಿ ಅಳೆದು ನೋಡಿದಾಗ ಕಾಲುಗಳ ಮಾಂಸಖಂಡ ಸರಾಸರಿ ಒಂದು ಕಿಲೋದಷ್ಟು ಕರಗಿತ್ತು. ಹರೆಯದವರು ಕಳೆದುಕೊಂಡ ಶಕ್ತಿಯನ್ನು ಕೆಲವೇ ವಾರಗಳಲ್ಲಿ ಮರಳಿ ಗಳಿಸುತ್ತಾರೆ. ಎಪ್ಪತ್ತರಲ್ಲಿ ಅದಕ್ಕೆ ತಿಂಗಳುಗಟ್ಟಲೆ ಬೇಕು, ಕೆಲವರಿಗೆ ಅದು ಮರಳುವುದೇ ಇಲ್ಲ. ಕಾಲು ಸೊರಗಿದರೆ ಮತ್ತೆ ಬೀಳುವ ಅಪಾಯ ಹೆಚ್ಚು, ಅದರಿಂದ ಭಯ ಇನ್ನೂ ಹೆಚ್ಚು. ಕೊನೆಗೆ ಮನೆಯವರು ಒಂದು ದಿನ "ಅವರು ಈಗ ಓಡಾಡುವುದಿಲ್ಲ" ಎನ್ನುತ್ತಾರೆ. ಎಲ್ಲರೂ ಅದನ್ನು ವಯಸ್ಸಿನ ಖಾತೆಗೆ ಬರೆದು ಸುಮ್ಮನಾಗುತ್ತಾರೆ. ಶುರುವಾಗಿದ್ದು ಎದ್ದ ಕಲ್ಲಿನಿಂದ.

ರಸ್ತೆ ದಾಟುವುದನ್ನೇ ನೋಡಿ. ಪಾದಚಾರಿ ಸಿಗ್ನಲ್ಲಿಗೆ ಸಮಯ ನಿಗದಿ ಮಾಡುವಾಗ ಜನ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಎಂದು ಅನೇಕ ಕಡೆ ಹಿಡಿಯುತ್ತಾರೆ. ಆ ಲೆಕ್ಕಕ್ಕೆ 12 ಮೀಟರ್ ಅಗಲದ ರಸ್ತೆ ದಾಟಲು 10 ಸೆಕೆಂಡು ಸಾಕು. ಮಂಡಿ ನೋವಿರುವವರು, ಊರುಗೋಲು ಹಿಡಿದವರು ಸೆಕೆಂಡಿಗೆ 0.8 ಮೀಟರಿನಂತೆ ಹೆಜ್ಜೆ ಹಾಕಿದರೆ 15 ಸೆಕೆಂಡು ಬೇಕು. ಅಂದರೆ ವಾಹನಗಳಿಗೆ ಹಸಿರು ದೀಪ ಬರುವ ಹೊತ್ತಿಗೆ ಅವರು ಇನ್ನೂ ನಾಲ್ಕು ಮೀಟರ್ ಹಿಂದೆ, ರಸ್ತೆಯ ನಡುವೆಯೇ ಇರುತ್ತಾರೆ. ಬೇಕಾಗಿರುವುದು ಐದು ಸೆಕೆಂಡು. ಆ ಐದು ಸೆಕೆಂಡಿಗೆ ಸಿಮೆಂಟೂ ಬೇಡ, ಗುತ್ತಿಗೆದಾರರೂ ಬೇಡ. ಸಿಗ್ನಲ್ ಪೆಟ್ಟಿಗೆಯಲ್ಲಿ ಒಂದು ಅಂಕಿ ಬದಲಾಯಿಸಿದರೆ ಆಯಿತು. ಆಸ್ಪತ್ರೆ, ಬ್ಯಾಂಕು, ಅಂಚೆ ಕಚೇರಿಗಳ ಮುಂದಿನ ಸಿಗ್ನಲ್ಲುಗಳಲ್ಲಾದರೂ ಇದನ್ನು ಈ ತಿಂಗಳೇ ಮಾಡಬಹುದು.

ಇನ್ನು ಕೂರುವ ಜಾಗ. ದೂರ ನಡೆಯಲಾಗದವರಿಗೆ ಸುಮಾರು ಐವತ್ತು ಮೀಟರಿಗೊಂದು ಕಡೆ ಕುಳಿತು ಸುಧಾರಿಸಿಕೊಳ್ಳಲು ಅವಕಾಶವಿದ್ದರೆ ಅರ್ಧ ಕಿಲೋಮೀಟರ್ ಕೂಡ ಭಾರವಾಗುವುದಿಲ್ಲ. ಬೆಂಚು ತೀರಾ ತಗ್ಗಾಗಿದ್ದರೆ ಕುಳಿತವರಿಗೆ ಏಳಲು ಬರುವುದಿಲ್ಲ. 45 ಸೆಂಟಿಮೀಟರ್ ಆಸುಪಾಸಿನ ಎತ್ತರ, ಒರಗಲು ಬೆನ್ನು, ಒತ್ತಿ ಏಳಲು ಎರಡು ಕೈಗಳು ಇರಬೇಕು. ಬರೀ ಕಲ್ಲು ಚಪ್ಪಡಿ ಹಾಕಿ ಬೆಂಚು ಎಂದು ಬಿಲ್ ಬರೆದರೆ ಅದು ಹರೆಯದವರು ಹರಟೆ ಹೊಡೆಯಲು ಮಾತ್ರ ಉಪಯೋಗಕ್ಕೆ ಬರುತ್ತದೆ. ಬಸ್ ನಿಲ್ದಾಣಗಳಿಗೂ ಇದೇ ಮಾತು. ಬಸ್ಸಿನ ಮೊದಲ ಮೆಟ್ಟಿಲಿಗೂ ನೆಲಕ್ಕೂ ಇರುವ ಅಂತರ, ಹಿರಿಯರು ಹತ್ತಿ ಕೂರುವ ಮೊದಲೇ ಬಸ್ಸು ಹೊರಡುವುದು, ಇವೆರಡು ಎಷ್ಟು ಜನರ ಓಡಾಟವನ್ನು ನಿಲ್ಲಿಸಿವೆ ಎಂದು ನಿಮ್ಮ ಸಾರಿಗೆ ಸಿಬ್ಬಂದಿಯನ್ನು ಕೂರಿಸಿ ಕೇಳಿ ನೋಡಿ.

ಯಾರೂ ಬಾಯಿಬಿಟ್ಟು ಹೇಳಿಕೊಳ್ಳದ ವಿಷಯವೊಂದಿದೆ. ಅದು ಶೌಚಾಲಯದ್ದು. ವಯಸ್ಸಾದಂತೆ ಮೂತ್ರ ಹಿಡಿದಿಟ್ಟುಕೊಳ್ಳುವುದು ಕಷ್ಟ. ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗುತ್ತದೆ, ಹೆಂಗಸರಲ್ಲಿ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸಡಿಲಾಗುತ್ತವೆ. ಬಿಪಿಗೆಂದು ಕೊಡುವ ಮಾತ್ರೆಗಳಲ್ಲಿ ಕೆಲವು ಮೂತ್ರವನ್ನು ಹೆಚ್ಚಿಸುವಂಥವೇ. ಹೊರಗೆ ಶೌಚಾಲಯ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ ಎಂದಾಗ ಹಿರಿಯರು, ಅದರಲ್ಲೂ ಹೆಂಗಸರು, ಮನೆಯಿಂದ ಹೊರಡುವ ದಿನ ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಕೆಲವರು ಆ ಹೊತ್ತಿನ ಮಾತ್ರೆಯನ್ನೂ ಬಿಡುತ್ತಾರೆ. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದೂ ಕಡಿಮೆ. ನೀರು ಕಡಿಮೆಯಾದರೆ ರಕ್ತದೊತ್ತಡ ಇಳಿಯುತ್ತದೆ, ಕುಳಿತಲ್ಲಿಂದ ಎದ್ದಾಗ ಕಣ್ಣು ಕತ್ತಲಿಡುತ್ತದೆ, ಮೂತ್ರದ ಸೋಂಕಾಗುತ್ತದೆ, ಮಲಬದ್ಧತೆಯಾಗುತ್ತದೆ. ಸರತಿಯಲ್ಲಿ ನಿಂತ ಹಿರಿಯರೊಬ್ಬರು ತಲೆಸುತ್ತಿ ಬಿದ್ದರೆ ನಾವು "ಪಾಪ, ವಯಸ್ಸಾಗಿದೆ" ಎನ್ನುತ್ತೇವೆ. ಬೆಳಗಿನಿಂದ ಒಂದು ಲೋಟ ನೀರೂ ಕುಡಿದಿರಲಿಲ್ಲ ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಹೀಗಾಗಿ ಸಾರ್ವಜನಿಕ ಶೌಚಾಲಯವನ್ನು ಬರೀ ಸ್ವಚ್ಛತೆಯ ಲೆಕ್ಕದಲ್ಲಿ ನೋಡಬೇಡಿ, ಆರೋಗ್ಯ ಸೇವೆಯ ಲೆಕ್ಕಕ್ಕೂ ಸೇರಿಸಿ. ಕಟ್ಟಿದ್ದರೆ ಸಾಲದು, ಕಚೇರಿಯ ವೇಳೆಯಲ್ಲಿ ಬೀಗ ತೆಗೆದಿರಬೇಕು. ನೆಲ ಒದ್ದೆಯಾದರೂ ಜಾರಬಾರದು, ಕುಕ್ಕರಗಾಲಿನಲ್ಲಿ ಕೂರಲಾಗದವರಿಗೆ ಕಮೋಡ್ ಇರಬೇಕು, ಎದ್ದೇಳಲು ಗೋಡೆಯಲ್ಲಿ ಗಟ್ಟಿ ಹಿಡಿಕೆ ಬೇಕು. ಬಾಗಿಲಿನ ಚಿಲಕ ಸಂಧಿವಾತದ ಬೆರಳುಗಳಿಗೆ ಬಗ್ಗುವಂತಿರಬೇಕು.

ಈಗ ಕೌಂಟರಿನ ಮಾತು.

ನನ್ನ ಸೋದರತ್ತೆಗೆ ಎಂಬತ್ತು ಸಮೀಪಿಸಿದೆ. ಶಾಲೆಯಲ್ಲಿ ಗಣಿತ ಕಲಿಸಿದವರು, ಇವತ್ತಿಗೂ ತಮ್ಮ ಲೆಕ್ಕ ತಾವೇ ಬರೆದಿಡುತ್ತಾರೆ. ಅವರ ದಾಖಲೆಯಲ್ಲಿ ಹೆಸರಿನ ಒಂದಕ್ಷರ ತಪ್ಪಾಗಿತ್ತು. ಅದನ್ನು ಸರಿಪಡಿಸಲು ಒಂದು ಕಚೇರಿಗೆ ಅವರ ಜೊತೆ ಹೋಗಿದ್ದೆ. ಗಾಜಿನ ಹಿಂದೆ ಕುಳಿತವರು ಅತ್ತೆಯ ಕಡೆ ನೋಡಲಿಲ್ಲ. ನನ್ನನ್ನು ನೋಡಿ "ಇವರಿಗೆ ಏನಾಗಬೇಕಿತ್ತು?" ಎಂದರು. ಅತ್ತೆಯೇ ಉತ್ತರ ಕೊಟ್ಟರು. ಮುಂದಿನ ಪ್ರಶ್ನೆಯೂ ನನಗೇ ಬಂತು. ಗಾಜಿನಲ್ಲಿದ್ದ ತೂತು ಎದೆಯ ಮಟ್ಟಕ್ಕಿತ್ತು, ಮೇಲೆ ಫ್ಯಾನಿನ ಸದ್ದು, ಹಿಂದೆ ಜನರ ಗಲಾಟೆ. ಅತ್ತೆ ಸೊಂಟ ಬಗ್ಗಿಸಿ ಆ ತೂತಿಗೆ ಕಿವಿಗೊಟ್ಟು "ಏನಂದಿರಿ?" ಎಂದಾಗ ಒಳಗಿದ್ದವರು ಅದೇ ಮಾತನ್ನು ಕಿರುಚಿ ಹೇಳಿದರು. ಆಮೇಲೆ ಬೆರಳಚ್ಚು ಯಂತ್ರ. ಅತ್ತೆ ಒಂದೊಂದೇ ಬೆರಳನ್ನು ಒರೆಸಿ ಒರೆಸಿ ಇಟ್ಟರು. ಯಂತ್ರ ಯಾವುದನ್ನೂ ಒಪ್ಪಲಿಲ್ಲ. "ಇವರ ಬೆರಳು ಬರ್ತಿಲ್ಲ, ಇನ್ನೊಂದು ದಿನ ಕರ್ಕೊಂಡ್ ಬನ್ನಿ" ಎಂದು ನನಗೆ ಹೇಳಿ ಮುಂದಿನವರನ್ನು ಕರೆದರು. ಹೊರಗೆ ಬಂದ ಮೇಲೆ ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಹೇಳಿದ್ದು, "ನಾನು ಅಲ್ಲಿ ಇದ್ದೆ ಅಂತಲೇ ಅವರಿಗೆ ಅನ್ನಿಸಲಿಲ್ಲ ನೋಡು."

ಆ ಸಿಬ್ಬಂದಿ ಕೆಟ್ಟವರೆಂದು ನನಗನ್ನಿಸುವುದಿಲ್ಲ. ಅವರ ಮುಂದೆ ಉದ್ದದ ಸರತಿಯಿತ್ತು, ಯಾರೂ ಅವರಿಗೆ ಈ ವಿಷಯ ಕಲಿಸಿರಲಿಲ್ಲ. ಕಲಿಸಬೇಕಾದ್ದು ಬಹಳವೂ ಇಲ್ಲ. ವಯಸ್ಸಿನ ಕಿವುಡಿನಲ್ಲಿ ಮೊದಲು ಕೈತಪ್ಪುವುದು ಕೀರಲು ಸ್ವರದ, ಅಂದರೆ ಹೆಚ್ಚು ಕಂಪನಾಂಕದ ಸದ್ದುಗಳು. ಸ, ಶ, ತ, ಕ ಮುಂತಾದ ವ್ಯಂಜನಗಳ ಸ್ಪಷ್ಟತೆ ಅಲ್ಲಿಯೇ ಇರುತ್ತದೆ. ಆದ್ದರಿಂದ ಹಿರಿಯರಿಗೆ ದನಿ ಕೇಳಿಸುತ್ತದೆ, ಮಾತು ಸ್ಪಷ್ಟವಾಗಿ ತಿಳಿಯುವುದಿಲ್ಲ. ಕಿರುಚಿದರೆ ದನಿ ದೊಡ್ಡದಾಗುತ್ತದೆ, ಮಾತು ಇನ್ನಷ್ಟು ಕಲಸಿಹೋಗುತ್ತದೆ. ಮುಖಕ್ಕೆ ಮುಖ ಕೊಟ್ಟು, ತುಟಿ ಕಾಣುವಂತೆ, ನಿಧಾನವಾಗಿ ಹೇಳಿದರೆ ಎಷ್ಟೋ ಜನರಿಗೆ ಅಷ್ಟೇ ಸಾಕಾಗುತ್ತದೆ. ಕೇಳಬೇಕಾದ್ದನ್ನು ಹಿರಿಯರನ್ನೇ ಕೇಳಬೇಕು, ಜೊತೆಗೆ ಬಂದವರನ್ನಲ್ಲ. ಬೆರಳಿನ ಗೆರೆಗಳು ವಯಸ್ಸಾದಂತೆ, ದುಡಿದಂತೆ ಸವೆಯುತ್ತವೆ, ಚರ್ಮ ಒಣಗುತ್ತದೆ. ಅದು ಹಿರಿಯರ ತಪ್ಪಲ್ಲ. ಬೆರಳಚ್ಚು ಬೀಳದಿದ್ದರೆ ಅದೇ ದಿನ, ಅದೇ ಕೌಂಟರಿನಲ್ಲಿ ಬೇರೆ ರೀತಿಯಿಂದ ಗುರುತು ಖಾತ್ರಿ ಮಾಡಿಕೊಳ್ಳುವ ವ್ಯವಸ್ಥೆ ಇರಲೇಬೇಕು. ಆ ಅಧಿಕಾರವನ್ನು ಕೌಂಟರಿನಲ್ಲಿ ಕೂರುವವರಿಗೇ ಲಿಖಿತವಾಗಿ ಕೊಡಿ. ಇಲ್ಲದಿದ್ದರೆ ಯಂತ್ರದ ಸೋಲಿಗೆ ಹಿರಿಯರು ಅಲೆದಾಡುತ್ತಾರೆ.

ಎಲ್ಲವೂ ಮೊಬೈಲಿನಲ್ಲೇ ಆಗಿಬಿಟ್ಟರೆ ಸರತಿಯೇ ಇರುವುದಿಲ್ಲ ಎಂಬ ವಾದ ನನಗೆ ಗೊತ್ತು. ಮೊಬೈಲಿನಿಂದ ಅನುಕೂಲವಾದ ಹಿರಿಯರೂ ಬೇಕಾದಷ್ಟು ಜನ ಇದ್ದಾರೆ, ಮನೆಯಲ್ಲೇ ಕುಳಿತು ಬಿಲ್ ಕಟ್ಟುತ್ತಾರೆ. ಆದರೆ ಕೈ ನಡುಗುವವರಿಗೆ, ಕಣ್ಣಿನ ಪೊರೆ ಬೆಳೆದವರಿಗೆ, ಒಟಿಪಿ ಬಂದು ಅದನ್ನು ಓದಿ ಒತ್ತುವುದರೊಳಗೆ ಸಮಯ ಮುಗಿದುಹೋಗುವವರಿಗೆ ಒಂದೇ ದಾರಿ ಉಳಿಯುತ್ತದೆ. ಫೋನನ್ನೂ ಗುಪ್ತಸಂಖ್ಯೆಯನ್ನೂ ಇನ್ನೊಬ್ಬರ ಕೈಗೆ ಕೊಡುವುದು. ಅಲ್ಲಿಗೆ ಸ್ವಂತ ದುಡ್ಡಿನ ಮೇಲಿನ ಹಿಡಿತ ಹೋಯಿತು. ಬಹುಪಾಲು ಮಕ್ಕಳು, ನೆಂಟರು ಪ್ರಾಮಾಣಿಕವಾಗಿಯೇ ಇರುತ್ತಾರೆ. ಎಲ್ಲರೂ ಹಾಗಿರುವುದಿಲ್ಲ. 60 ದಾಟಿದ ಪ್ರತಿ ಆರು ಜನರಲ್ಲಿ ಒಬ್ಬರು ಒಂದು ವರ್ಷದಲ್ಲಿ ಒಂದಲ್ಲ ಒಂದು ಬಗೆಯ ದೌರ್ಜನ್ಯಕ್ಕೆ ಒಳಗಾಗುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಣಕಾಸಿನ ಶೋಷಣೆಯೂ ಅದರಲ್ಲಿ ಸೇರಿದೆ. ಕೌಂಟರನ್ನು ಮುಚ್ಚಿ ಆ್ಯಪ್ ಒಂದನ್ನೇ ಉಳಿಸುವ ಪ್ರತಿಯೊಂದು ಆದೇಶವೂ ಇಂಥವರನ್ನು ಇನ್ನಷ್ಟು ಅಸಹಾಯಕರನ್ನಾಗಿ ಮಾಡುತ್ತದೆ. ಹೊಸದನ್ನು ತನ್ನಿ, ಜೊತೆಗೆ ಮನುಷ್ಯರು ಕೂತಿರುವ ಒಂದು ಕೌಂಟರನ್ನೂ, ಮನುಷ್ಯರು ಎತ್ತಿ ಮಾತಾಡುವ ಒಂದು ದೂರವಾಣಿಯನ್ನೂ ಉಳಿಸಿ. ಆ ದೂರವಾಣಿಯಲ್ಲಿ "ಒಂದನ್ನು ಒತ್ತಿ, ಎರಡನ್ನು ಒತ್ತಿ" ಇರಬಾರದು.

ಆರೋಗ್ಯ ಕೇಂದ್ರದವರಿಗೆ ಪ್ರತ್ಯೇಕವಾಗಿ ಕೆಲವು ಮಾತು. ಹಿರಿಯರಿಗೆ ಒಂದೇ ಕಾಯಿಲೆ ಇರುವುದು ಅಪರೂಪ. ಬಿಪಿಗೆ ಒಬ್ಬರು, ಸಕ್ಕರೆಗೆ ಒಬ್ಬರು, ಮಂಡಿಗೆ ಒಬ್ಬರು, ನಿದ್ದೆ ಬಾರದ್ದಕ್ಕೆ ಇನ್ನೊಬ್ಬರು ಹೀಗೆ ಬರೆದ ಮಾತ್ರೆಗಳು ಒಂದೇ ಡಬ್ಬಿಯಲ್ಲಿ ಸೇರುತ್ತವೆ. ಅವೆಲ್ಲವನ್ನೂ ಒಟ್ಟಿಗೆ ನೋಡುವವರು ಯಾರೂ ಇರುವುದಿಲ್ಲ. ನಿದ್ದೆ ಮಾತ್ರೆಯ ಮಂಪರು, ಬಿಪಿ ಮಾತ್ರೆಯ ತಲೆಸುತ್ತು ಎರಡೂ ಸೇರಿದಾಗ ರಾತ್ರಿ ಶೌಚಕ್ಕೆ ಎದ್ದವರು ಬೀಳುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ. ಆರು ತಿಂಗಳಿಗೊಮ್ಮೆಯಾದರೂ ಡಬ್ಬಿಯನ್ನೇ ತರಲು ಹೇಳಿ, ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಯಾವುದು ಇನ್ನೂ ಬೇಕು ಯಾವುದು ಬೇಡ ಎಂದು ನೋಡಿ. ಕುಳಿತಾಗಿನ ಬಿಪಿಯ ಜೊತೆ ಎದ್ದು ನಿಂತಾಗಿನ ಬಿಪಿಯನ್ನೂ ಬರೆದುಕೊಳ್ಳಿ. ಪಾದ ನೋಡಿ, ಕಣ್ಣು ನೋಡಿ, ಕಿವಿ ನೋಡಿ. ಪೊರೆ ತೆಗೆಸಿಕೊಂಡವರು ಬೀಳುವುದು ಕಡಿಮೆಯಾಗುತ್ತದೆ. ಮಧ್ಯವಯಸ್ಸಿನಿಂದ ಕಿವಿ ಮಂದವಾಗಿ ಅದಕ್ಕೆ ಏನೂ ಮಾಡದೆ ಬಿಟ್ಟರೆ ಮುಂದೆ ಮರೆವಿನ ಕಾಯಿಲೆಯ ಅಪಾಯ ಹೆಚ್ಚುತ್ತದೆ ಎಂಬುದು ಈಗ ಗಟ್ಟಿಯಾಗಿರುವ ತಿಳಿವಳಿಕೆ. ಈ ತಪಾಸಣೆಗಳನ್ನೆಲ್ಲ ಒಂದೇ ದಿನ, ಒಂದೇ ಸೂರಿನಡಿ, ನೆಲಮಹಡಿಯಲ್ಲಿ ಮಾಡಿ ಮುಗಿಸಲು ಸಾಧ್ಯವಿದ್ದರೆ ಹಿರಿಯರ ಮೂರು ನಾಲ್ಕು ಪ್ರಯಾಣಗಳು ಉಳಿಯುತ್ತವೆ.

ವ್ಯಾಯಾಮದ ಮಾತನ್ನೂ ಮರೆಯಬೇಡಿ. 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ, ಅದರಲ್ಲೇ ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಸ್ನಾಯುಬಲ ಹೆಚ್ಚಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿದೆ. "ನಡೆಯಿರಿ, ಒಳ್ಳೆಯದು" ಎಂದು ಚೀಟಿಯಲ್ಲಿ ಬರೆದರೆ ಎಲ್ಲಿ ನಡೆಯಬೇಕು ಎಂಬುದಕ್ಕೂ ಉತ್ತರ ಬೇಕಲ್ಲವೆ? ವೈದ್ಯರ ಚೀಟಿಯೂ ಎಂಜಿನಿಯರರ ನಕ್ಷೆಯೂ ಒಂದನ್ನೊಂದು ನೋಡಿಯೇ ಇರುವುದಿಲ್ಲ. ಇವರಿಬ್ಬರನ್ನು ಒಂದೇ ಮೇಜಿಗೆ ಕೂರಿಸುವುದು ನಿಮ್ಮಿಂದ ಮಾತ್ರ ಆಗುವ ಕೆಲಸ.

ಮನೆಯವರ ಪಾತ್ರದ ಬಗ್ಗೆ ಕೇಳುವಿರಿ. ಮನೆಯವರು ಮಾಡುತ್ತಿದ್ದಾರೆ, ಅದರಲ್ಲೂ ಹೆಣ್ಣುಮಕ್ಕಳು ತಮ್ಮ ದುಡಿಮೆ ಬಿಟ್ಟು, ನಿದ್ದೆ ಬಿಟ್ಟು ಮಾಡುತ್ತಿದ್ದಾರೆ. ಆದರೆ ದಾರಿ ಕೆಟ್ಟಿರುವ ಕಾರಣಕ್ಕೆ ಅವರು ಹಿರಿಯರ ಜೊತೆ ಪ್ರತಿ ಕಡೆಗೂ ಹೋಗಬೇಕಾಗಿ ಬಂದರೆ ನಿಮ್ಮ ಇಲಾಖೆಯ ಕೆಲಸವನ್ನೇ ಅವರು ಹೊತ್ತಂತಾಯಿತು. ಮಕ್ಕಳಿಲ್ಲದವರು, ಮಕ್ಕಳು ದೂರದಲ್ಲಿರುವವರು, ಸಂಗಾತಿಯನ್ನು ಕಳೆದುಕೊಂಡು ಒಬ್ಬರೇ ಇರುವವರು ಯಾರನ್ನು ಜೊತೆಗೆ ಕರೆಯಬೇಕು? ಜೊತೆಗೊಬ್ಬರು ಇದ್ದೇ ಇರುತ್ತಾರೆ ಎಂದು ಹಿಡಿದು ರೂಪಿಸಿದ ಸೇವೆ ಅತಿ ಹೆಚ್ಚು ಬೇಕಾದವರನ್ನೇ ಬಿಟ್ಟುಹಾಕುತ್ತದೆ.

ಈ ಬೇಡಿಕೆಗಳಲ್ಲಿ ಹೊಸದೇನೂ ಇಲ್ಲ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1991ರಲ್ಲಿ ಹಿರಿಯರಿಗಾಗಿ 18 ತತ್ವಗಳನ್ನು ಅಂಗೀಕರಿಸಿದಾಗ ಮೊದಲ ಶೀರ್ಷಿಕೆಯಾಗಿ ಇಟ್ಟದ್ದೇ ಸ್ವಾವಲಂಬನೆಯನ್ನು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 33 ನಗರಗಳಲ್ಲಿ ಹಿರಿಯರನ್ನೇ ಕೂರಿಸಿ ಕೇಳಿ, ವಯಸ್ಸಾದವರಿಗೆ ಒಗ್ಗುವ ಊರು ಹೇಗಿರಬೇಕು ಎಂದು ಕೈಪಿಡಿಯನ್ನೇ ಪ್ರಕಟಿಸಿತು. ಬೆಂಚು, ಶೌಚಾಲಯ, ಸಿಗ್ನಲ್, ಬಸ್ಸಿನ ಮೆಟ್ಟಿಲು ಎಲ್ಲವೂ ಅದರಲ್ಲಿವೆ. 2021ರಿಂದ 2030ರವರೆಗಿನ ಹತ್ತು ವರ್ಷಗಳನ್ನು ಆರೋಗ್ಯಕರ ಮುಪ್ಪಿನ ದಶಕವೆಂದು ಘೋಷಿಸಲಾಗಿದೆ. ಆ ದಶಕ ಮುಗಿಯುವ ಹೊತ್ತಿಗೆ ಜಗತ್ತಿನ ಪ್ರತಿ ಆರು ಜನರಲ್ಲಿ ಒಬ್ಬರಿಗೆ 60 ತುಂಬಿರುತ್ತದೆ. ಪ್ರತಿ ಅಕ್ಟೋಬರ್ 1ರಂದು ಹಿರಿಯರಿಗೆ ಸನ್ಮಾನ ಮಾಡುತ್ತೀರಿ, ಒಳ್ಳೆಯದೇ. ಆ ವೇದಿಕೆಗೆ ಎಷ್ಟು ಮೆಟ್ಟಿಲಿವೆ, ಪಕ್ಕದಲ್ಲಿ ಹಿಡಿಗಂಬಿ ಇದೆಯೇ ಎಂದೂ ದಯವಿಟ್ಟು ನೋಡಿ.

ಹಣವಿಲ್ಲ ಎಂಬ ಉತ್ತರ ಬರಬಹುದು. ಕೆಲವಕ್ಕೆ ನಿಜವಾಗಿಯೂ ಹಣ ಬೇಕು. ಫುಟ್‌ಪಾತನ್ನು ಸರಿಪಡಿಸುವುದು, ಬಸ್ಸುಗಳನ್ನು ಬದಲಾಯಿಸುವುದು ಒಂದೇ ವರ್ಷದಲ್ಲಿ ಆಗುವ ಮಾತಲ್ಲ. ಆದರೆ ಸಿಗ್ನಲ್ಲಿನ ಐದು ಸೆಕೆಂಡಿಗೆ, ಶೌಚಾಲಯದ ಬೀಗಕ್ಕೆ, ಕೌಂಟರಿನ ಮುಂದೆ ಎರಡು ಕುರ್ಚಿಗೆ, ದೊಡ್ಡ ಅಕ್ಷರದ ಅರ್ಜಿಗೆ, ಹಿರಿಯರನ್ನೇ ನೋಡಿ ಮಾತಾಡಬೇಕೆಂಬ ಸುತ್ತೋಲೆಗೆ ಎಷ್ಟು ಹಣ ಬೇಕು? ಹೊಸ ಕಟ್ಟಡ ಕಟ್ಟುವಾಗ ಬಾಗಿಲಲ್ಲೇ ಒಂದಕ್ಕೆ ಹನ್ನೆರಡರ ಇಳಿಜಾರು, ಅಂದರೆ ಒಂದಡಿ ಏರಲು ಹನ್ನೆರಡು ಅಡಿ ಉದ್ದ, ಇಟ್ಟುಬಿಟ್ಟರೆ ಮುಂದೆ ಒಡೆದು ಕಟ್ಟುವ ಖರ್ಚೂ ಉಳಿಯುತ್ತದೆ. ಮಗುವಿನ ಗಾಡಿ ತಳ್ಳುವವರಿಗೆ, ಗರ್ಭಿಣಿಯರಿಗೆ, ಕಾಲು ಮುರಿದುಕೊಂಡ ಹುಡುಗರಿಗೆ ಅದೇ ಇಳಿಜಾರು ಬೇಕಾಗುತ್ತದೆ.

ನನ್ನ ಕೋರಿಕೆ ಎರಡು. ಮುಂದಿನ ಬಜೆಟ್ಟಿಗೆ ಮೊದಲು ನಿಮ್ಮಲ್ಲಿ ಪ್ರತಿಯೊಬ್ಬರೂ ಕಾರು ಬಿಟ್ಟು, ನಿಮ್ಮ ವಾರ್ಡಿನ ಎಪ್ಪತ್ತೈದು ದಾಟಿದ ಒಬ್ಬರ ಜೊತೆ ಅವರ ಮನೆಯಿಂದ ಹೊರಟು, ಅವರ ಹೆಜ್ಜೆಯಲ್ಲೇ ಆರೋಗ್ಯ ಕೇಂದ್ರಕ್ಕೂ ಒಂದು ಕಚೇರಿಗೂ ಹೋಗಿ ಬನ್ನಿ. ಅವರಿಗೆ ಕೈ ಕೊಡಬೇಡಿ, ಕೇಳಿದರೆ ಮಾತ್ರ ಕೊಡಿ. ಎಲ್ಲಿ ಹೆಜ್ಜೆ ನಿಂತಿತು, ಎಲ್ಲಿ ಕೂರಬೇಕೆನಿಸಿತು, ಯಾವ ಫಲಕ ಓದಲಾಗಲಿಲ್ಲ ಎಂದು ಬರೆದುಕೊಳ್ಳಿ.

ಎರಡನೆಯದು, ಸೇವೆಗಳನ್ನು ರೂಪಿಸುವ ಸಮಿತಿಯಲ್ಲಿ ಹಿರಿಯರನ್ನು ಸದಸ್ಯರನ್ನಾಗಿ ಮಾಡಿ, ಅತಿಥಿಗಳನ್ನಾಗಿ ಬೇಡ. ಊರುಗೋಲಿನವರು, ಕಿವಿ ಮಂದವಾದವರು, ಓದುಬರಹ ಬಾರದವರು, ಒಬ್ಬರೇ ಬದುಕುವ ಹೆಂಗಸರು ಅದರಲ್ಲಿರಲಿ. ಸಭೆಯನ್ನು ನೆಲಮಹಡಿಯಲ್ಲಿ, ಹಗಲು ಹೊತ್ತಿನಲ್ಲಿ, ಶೌಚಾಲಯಕ್ಕೆ ಹತ್ತಿರದ ಕೋಣೆಯಲ್ಲಿ ಇಡಿ. ಅವರು ಹೇಳಿದ್ದರಲ್ಲಿ ಯಾವುದನ್ನು ಯಾವ ತಿಂಗಳೊಳಗೆ ಮಾಡುತ್ತೀರಿ, ಅದರ ಹೊಣೆ ಯಾವ ಅಧಿಕಾರಿಯದ್ದು, ಯಾವುದು ಆಗುವುದಿಲ್ಲ ಮತ್ತು ಏಕೆ ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆಸಿ ಕಚೇರಿಯ ಹೊರಗಿನ ಫಲಕದಲ್ಲಿ, ನಿಂತವರ ಕಣ್ಣಿನ ಮಟ್ಟಕ್ಕೆ ಹಾಕಿಸಿ. ಆರು ತಿಂಗಳ ನಂತರ ಅದೇ ಸಮಿತಿಯ ಮುಂದೆ ಆ ಪಟ್ಟಿಯನ್ನು ಓದಿ ಹೇಳಿ.

ಇಂತಿ,
ಹಿರಿಯರ ಜೊತೆ ಬದುಕುತ್ತಿರುವ ಒಬ್ಬ ನಾಗರಿಕ